ವಿದಳನವೋ ಸಮ್ಮಿಳನವೋ: ಯಾವುದನ್ನು ನೆಚ್ಚಿಕೊಳ್ಳಬಹುದು?

ಪರಮಾಣುವಿನಿಂದ ಕರೆಂಟ್ ಈಗಲೇ ಬೇಕು ಅಂದರೆ ಉತ್ತರ ಒಂದೇ: ವಿದಳನ, ಅಂದರೆ ಪರಮಾಣು ಬೀಜವನ್ನು ಒಡೆಯುವುದು. ಯುರೇನಿಯಂ-235ರಂಥ ಭಾರದ ಪರಮಾಣು ಬೀಜಕ್ಕೆ ನ್ಯೂಟ್ರಾನ್ ಎಂಬ ಕಣ ತಗುಲಿದರೆ ಅದು ಒಡೆಯುತ್ತದೆ. ಶಾಖದ ಜೊತೆ ಇನ್ನೆರಡು ಮೂರು ನ್ಯೂಟ್ರಾನ್ ಹೊರಬಂದು ಸರಪಳಿ ಮುಂದುವರಿಯುತ್ತದೆ. ಸೋವಿಯತ್ ಒಕ್ಕೂಟದ ಓಬ್ನಿನ್ಸ್ಕ್ ಸ್ಥಾವರ 1954ರಲ್ಲೇ ಹೀಗೆ ಗ್ರಿಡ್‌ಗೆ ವಿದ್ಯುತ್ ಕೊಟ್ಟಿತು.

ಸಮ್ಮಿಳನದಲ್ಲಿ ಡ್ಯುಟೀರಿಯಂ, ಟ್ರಿಟಿಯಂ ಎಂಬ ಹಗುರ ಬೀಜಗಳು ಬೆಸೆದು ಹೀಲಿಯಂ ಆಗುತ್ತವೆ. ಇಂಧನದ ಕಿಲೋ ಲೆಕ್ಕದಲ್ಲಿ ವಿದಳನದ ಸುಮಾರು 4 ಪಟ್ಟು ಶಕ್ತಿ. ಕಷ್ಟ ಇರುವುದು ಬೆಸೆಯುವುದರಲ್ಲಿ. ಎರಡೂ ಬೀಜಗಳು ಒಂದನ್ನೊಂದು ತಳ್ಳುತ್ತವೆ, ಅಲ್ವಾ? ಅದನ್ನು ಗೆಲ್ಲಲು ರಿಯಾಕ್ಟರ್‌ನಲ್ಲಿ 10 ಕೋಟಿ ಡಿಗ್ರಿಗೂ ಮೀರಿದ ಕಾವು ಬೇಕು. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಪ್ರಯೋಗಾಲಯವೊಂದರಲ್ಲಿ 2.05 ಮೆಗಾಜೂಲ್ ಲೇಸರ್ ಶಕ್ತಿಗೆ 3.15 ಮೆಗಾಜೂಲ್ ಮರಳಿ ಬಂತು. ನಿಜಕ್ಕೂ ದೊಡ್ಡ ಹೆಜ್ಜೆ! ಆದರೆ ಆ ಲೇಸರ್ ನಡೆಸಲು ಸುಮಾರು 300 ಮೆಗಾಜೂಲ್ ಕರೆಂಟ್ ಹೋಗಿತ್ತು.

ಸುರಕ್ಷತೆಯಲ್ಲಿ ನನ್ನ ಮತ ಸಮ್ಮಿಳನಕ್ಕೆ. ಕಾವು ತಪ್ಪಿದರೆ ಕ್ರಿಯೆ ತಾನಾಗಿ ನಿಲ್ಲುತ್ತದೆ. ವಿದಳನದ ರಿಯಾಕ್ಟರ್ ನಿಲ್ಲಿಸಿದ ಮೇಲೂ ಬಿಸಿ ಕಾರುತ್ತಲೇ ಇರುತ್ತದೆ. 2011ರಲ್ಲಿ ಜಪಾನಿನ ಫುಕುಶಿಮಾ ಸ್ಥಾವರದಲ್ಲಿ ಇಂಧನ ಕರಗಿದ್ದು ಆ ಬಿಸಿಗೇ. ವಿದಳನದ ತ್ಯಾಜ್ಯವನ್ನೂ ಸಾವಿರಾರು ವರ್ಷ ಕಾಯಬೇಕು. ಸಮ್ಮಿಳನದಲ್ಲೂ ನ್ಯೂಟ್ರಾನ್ ಬಡಿದು ರಿಯಾಕ್ಟರ್ ಗೋಡೆ ವಿಕಿರಣಶೀಲ ಆಗುತ್ತದೆ, ಆದರೆ ಆ ವಿಕಿರಣ ವಿದಳನದ ತ್ಯಾಜ್ಯಕ್ಕಿಂತ ಬಹುಬೇಗ ತಗ್ಗುತ್ತದೆ.