ಮೂರು ಮಳೆಗಾಲ ಕಂಡ ಡಿಜಿಟಲ್ ಥರ್ಮಾಮೀಟರ್

ಮಡಿಕೇರಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಸ್ಟೀಲ್ ಕಡ್ಡಿಯ ಈ ಥರ್ಮಾಮೀಟರನ್ನು ಕೈಯಿಂದಲೇ ಹಣ ಹಾಕಿ ಕೊಂಡೆ. ನಾನೂರು ರೂಪಾಯಿ ದಾಟುವ ಶಕ್ತಿ ಆಗ ನನಗಿರಲಿಲ್ಲ.

ಮೊದಲ ವಾರವೇ ಕುದಿಯುವ ನೀರಿಗೆ ಇಳಿಸಿದೆ. 96ಕ್ಕೆ ನಿಂತುಬಿಟ್ಟಿತು. ಕೆಟ್ಟ ಸರಕೆಂದು ಹಿಂದಿರುಗಿಸಲು ಡಬ್ಬಕ್ಕೆ ತುಂಬಿಯೂ ಆಗಿತ್ತು. ಆಮೇಲೆ ಹೊಳೆಯಿತು: ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ, ಇಲ್ಲಿ ನೀರು ಕುದಿಯುವುದೇ 96ರ ಆಸುಪಾಸಿನಲ್ಲಿ. ಕರಗುತ್ತಿರುವ ಮಂಜುಗಡ್ಡೆಯಲ್ಲಿ 0.1 ತೋರಿಸಿತು. ಡಬ್ಬ ಬಿಚ್ಚಿದೆ.

ಇದರ ನಿಜವಾದ ಸುಖ ದಶಮಾಂಶದ ಅಂಕಿಯಲ್ಲಿದೆ. ಶಾಲೆಯ ಕೆಂಪು ಸ್ಪಿರಿಟ್ ಥರ್ಮಾಮೀಟರಿನ ಗೆರೆ ಹಿಂದಿನ ಬೆಂಚಿಗೆ ಕಾಣುತ್ತಲೇ ಇರಲಿಲ್ಲ. ವಿನೆಗರ್‌ಗೆ ಅಡುಗೆ ಸೋಡಾ ಹಾಕುವ ಮೊದಲು ಮಕ್ಕಳನ್ನು ಕೇಳುತ್ತೇನೆ. ನೊರೆ ಉಕ್ಕುವುದರಿಂದ ಬಿಸಿಯೇ ಆಗಬೇಕೆಂದು ಎಲ್ಲರೂ ಹೇಳುತ್ತಾರೆ. ಅಂಕಿ 22.4, 21.7, 20.5 ಎಂದು ಜಾರುತ್ತದೆ. ‘ಸರ್, ಇಳಿಯುತ್ತಿದೆ!’ ಅಂತರುಷ್ಣಕ ಕ್ರಿಯೆ (ಶಾಖ ಹೀರಿಕೊಳ್ಳುವ ಕ್ರಿಯೆ) ಎಂಬ ಪದವನ್ನು ನಾನು ಕರಿಹಲಗೆಯ ಮೇಲೆ ಬರೆಯುವುದು ಆ ಕೂಗು ಕೇಳಿದ ಮೇಲೆಯೇ. ವಿನೆಗರ್ ಮುಗಿದಿದ್ದ ದಿನ ಒಬ್ಬಳು ಮನೆಯಿಂದ ಕಾಚಂಪುಳಿ, ಅಂದರೆ ಕೊಡಗಿನ ಅಡುಗೆಯ ಕಪ್ಪು ಹುಳಿರಸ, ತಂದಳು. ನೀರು ಬೆರೆಸಿ ಸೋಡಾ ಉದುರಿಸಿದರೆ ಅದೂ ನೊರೆಯೆದ್ದು ತಣ್ಣಗಾಯಿತು.

ಆದರೆ ಮಳೆಗಾಲ! ಜೂನ್ ಬಂದರೆ ನಮ್ಮಲ್ಲಿ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಹಾಗಿರುವಾಗ ಬ್ಯಾಟರಿಯ ಮುಚ್ಚಳಕ್ಕೆ ಒಂದು ರಬ್ಬರ್ ಉಂಗುರವನ್ನೂ ಇಡದೆ ಮಾರುವುದು ಅನ್ಯಾಯ. ಮೊದಲ ವರ್ಷವೇ ಒಳಗಿನ ತಗಡಿಗೆ ಹಸಿರು ಕಿಲುಬು ಬಂದು, ಅಂಕಿಗಳು ಅರ್ಧರ್ಧ ಮೂಡತೊಡಗಿದವು. ಹತ್ತಿಗೆ ಹನಿ ವಿನೆಗರ್ ತಾಗಿಸಿ ಒರೆಸಿ, ಒಣಗಿಸಿ ಮತ್ತೆ ಜೋಡಿಸುವುದು ನನ್ನ ಶನಿವಾರದ ಕೆಲಸವಾಯಿತು.

ಆ ಸಿಟ್ಟಿನಲ್ಲೇ ಒಮ್ಮೆ ತಪ್ಪು ತಿಳಿದೆ. ಗಿಡಗಳ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಸುಣ್ಣ ಅರಳಿಸುವಾಗ ನೀರು ಕೊತಕೊತ ಕುದಿಯುವುದನ್ನು ಕಾಫಿ ತೋಟದಲ್ಲಿ ಕಂಡು ಬೆಳೆದ ಮಕ್ಕಳಿವರು. ಜುಲೈನಲ್ಲಿ ಅದನ್ನೇ ತರಗತಿಯಲ್ಲಿ ಮಾಡಿದರೆ ಒಂದು ಡಿಗ್ರಿಯೂ ಏರಲಿಲ್ಲ. ಥರ್ಮಾಮೀಟರ್ ಸತ್ತಿತೆಂದುಕೊಂಡೆ. ನೋಡಿದರೆ ಸುಣ್ಣದ ಡಬ್ಬದ ಬಾಯಿ ಸಡಿಲವಿತ್ತು; ಸುಟ್ಟ ಸುಣ್ಣ ಗಾಳಿಯ ತೇವ ಹೀರಿ ಒಳಗೇ ಅರಳಿ ಪುಡಿಯಾಗಿತ್ತು. ಕೊಡಬೇಕಾದ ಶಾಖವನ್ನು ಅಲ್ಲೇ ಕೊಟ್ಟು ಮುಗಿಸಿತ್ತು. ಹೊಸ ಸುಣ್ಣದ ಚೂರುಗಳನ್ನು ಹಾಕಿದಾಗ ಅಂಕಿ ಕಣ್ಣೆದುರೇ 60 ದಾಟಿತು. (ರಕ್ಷಣಾ ಕನ್ನಡಕವಿಲ್ಲದೆ ಇದನ್ನು ಯಾರೂ ಮಾಡಿಸಬೇಡಿ, ಸುಣ್ಣ ಕಣ್ಣಿಗೆ ಸಿಡಿದರೆ ಅಪಾಯ.)

ಬಯಲುಸೀಮೆಯ ಶಾಲೆಯವರು ಯೋಚಿಸದೆ ಕೊಳ್ಳಬಹುದು. ಕೊಡಗಿನವರು ಇನ್ನೂರು ಮುನ್ನೂರು ಹೆಚ್ಚು ಹೋದರೂ ನೀರು ನುಗ್ಗದ ಮುಚ್ಚಳವಿರುವುದನ್ನೇ ಹುಡುಕಿ. ನನ್ನದನ್ನು ಈ ಜೂನ್‌ನಲ್ಲಿಯೂ ಬ್ಯಾಟರಿ ಕಳಚಿ, ಬಟ್ಟೆಯಲ್ಲಿ ಸುತ್ತಿ, ಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಪ್ರಯೋಗವಿರುವ ದಿನ ಅಂಗಿಯ ಒಳಜೇಬಿನಲ್ಲಿ ಶಾಲೆಗೆ ಬರುತ್ತದೆ.