ಬೀಟಲ್ ಕಾರಿನ ಆಟೋ ಚೋಕ್‌ಗೆ ಹಾಕಿಸಿದ ಹೊಸ ಎಲಿಮೆಂಟ್: ಆರು ತಿಂಗಳ ಅನುಭವ

ನನ್ನ 1972ರ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವುದು ಸೋಲೆಕ್ಸ್ 34 ಪಿಕ್ಟ್-3 ಕಾರ್ಬುರೇಟರ್. ಚೋಕ್ ಎಳೆದು ಸ್ಕೂಟರಿಗೆ ಕಿಕ್ ಹೊಡೆದೇ ಬೆಳೆದ ನನಗೆ, ಎಳೆಯಲು ಏನೂ ಇಲ್ಲದ ಇದರ ಆಟೋ ಚೋಕ್ ಬಹಳ ದಿನ ಒಗಟಾಗಿಯೇ ಇತ್ತು. ತಣ್ಣಗಿನ ಎಂಜಿನ್ ಸಲೀಸಾಗಿ ಹಿಡಿಯಲೆಂದು ಗಾಳಿಯನ್ನು ತಗ್ಗಿಸಿ ಪೆಟ್ರೋಲಿನ ಪಾಲು ಹೆಚ್ಚಿಸುವುದೇ ಚೋಕ್; ಇದರಲ್ಲಿ ಅದು ತಾನಾಗಿಯೇ ಆಗುತ್ತದೆ. ಕಳೆದ ವರ್ಷ ಕಾರು ಬೆಳಿಗ್ಗೆ ಸಲೀಸಾಗಿ ಸ್ಟಾರ್ಟ್ ಆದರೂ, ಎಂಜಿನ್ ಕಾದ ಮೇಲೂ ಕಪ್ಪು ಹೊಗೆ ಬಿಡಲಾರಂಭಿಸಿತು. ಪ್ಲಗ್ ಬಿಚ್ಚಿದರೆ ಬರೀ ಮಸಿ. ಗ್ಯಾರೇಜಿನಲ್ಲಿ ಸಿಕ್ಕ ಸಲಹೆ ಒಂದೇ: "ಚೋಕ್ ಫ್ಲ್ಯಾಪನ್ನು ತಂತಿ ಕಟ್ಟಿ ತೆರೆದಿಟ್ಟುಬಿಡಿ ಸಾರ್." ಅದಕ್ಕೆ ಒಪ್ಪದೆ ಹೊಸ ಎಲಿಮೆಂಟ್ ತರಿಸಿಕೊಂಡೆ.

ಎಲಿಮೆಂಟ್ ಎಂದರೆ ಕಾರ್ಬುರೇಟರಿನ ಪಕ್ಕಕ್ಕೆ ಮೂರು ಸ್ಕ್ರೂಗಳಿಂದ ಕೂರುವ ದುಂಡನೆಯ ಬಿಲ್ಲೆ. ಅದರೊಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿಯ ಸುರುಳಿಯೂ, ಅದನ್ನು ಕಾಯಿಸುವ ವಿದ್ಯುತ್ ತಂತಿಯೂ ಇರುತ್ತವೆ. ತಣ್ಣಗಿರುವಾಗ ಸುರುಳಿಯು ಗಾಳಿಯ ದಾರಿಯಲ್ಲಿರುವ ಫ್ಲ್ಯಾಪನ್ನು ಮುಚ್ಚಿ ಹಿಡಿಯುತ್ತದೆ. ಇಗ್ನಿಷನ್ ಆನ್ ಆದೊಡನೆ ಕರೆಂಟ್ ಹರಿದು ಸುರುಳಿ ಕಾಯುತ್ತಾ ಹೋದಂತೆ ಅದರ ಬಿಗಿ ಸಡಿಲಗೊಂಡು ಫ್ಲ್ಯಾಪ್ ನಿಧಾನವಾಗಿ ತೆರೆದುಕೊಳ್ಳುತ್ತದೆ. ಎಂಜಿನ್ ಹಿಡಿದ ಕೂಡಲೇ ಉಸಿರು ಕಟ್ಟದಿರಲೆಂದು ವ್ಯಾಕ್ಯೂಮ್ ಡಯಾಫ್ರಂ (ಎಂಜಿನ್ನಿನ ಹೀರುವಿಕೆಗೆ ಅಲುಗುವ ಪೊರೆ) ಒಂದು ಫ್ಲ್ಯಾಪನ್ನು ತುಸುವೇ ಎಳೆದು ಸಂದಿ ಬಿಡಿಸುತ್ತದೆ. ನನ್ನ ಹಳೆಯ ಎಲಿಮೆಂಟಿನಲ್ಲಿ ಕಾಯಿಸುವ ತಂತಿಯೇ ತುಂಡಾಗಿತ್ತು. ಹಾಗಾಗಿ ಫ್ಲ್ಯಾಪ್ ಪೂರ್ತಿ ತೆರೆಯುತ್ತಲೇ ಇರಲಿಲ್ಲ.

ಹೊಸ ಎಲಿಮೆಂಟಿನ ಗುಣಮಟ್ಟದ ಬಗ್ಗೆ ನನಗೆ ತಕರಾರಿಲ್ಲ. ಸುರುಳಿಯ ತುದಿಯ ಕೊಕ್ಕೆ ಒಳಗಿನ ಲಿವರಿಗೆ ಸರಿಯಾಗಿ ಸಿಕ್ಕಿಕೊಂಡಿತು. ಆದರೆ ಪೆಟ್ಟಿಗೆಯಲ್ಲಿ ಸೂಚನೆಯ ಒಂದು ಚೀಟಿಯೂ ಇರಲಿಲ್ಲ. ಇದು ಸಣ್ಣ ಲೋಪವಲ್ಲ, ಏಕೆಂದರೆ ಈ ಬಿಡಿಭಾಗ ಕೆಲಸ ಮಾಡುವುದೂ ಬಿಡುವುದೂ ಅದನ್ನು ಕೂರಿಸುವ ಕ್ರಮವನ್ನೇ ಅವಲಂಬಿಸಿದೆ. ಎಲಿಮೆಂಟಿನ ಅಂಚಿನ ಗೀರನ್ನು ಕಾರ್ಬುರೇಟರಿನ ಮೇಲಿನ ಮೂರು ಗುರುತುಗಳಲ್ಲಿ ನಡುವಿನದಕ್ಕೆ ಹೊಂದಿಸಬೇಕೆಂಬುದು ರೂಢಿ. ನಾನು ಹಾಗೆಯೇ ಹೊಂದಿಸಿದೆ, ಅದೂ ಏಪ್ರಿಲ್ ತಿಂಗಳ ನಡುಮಧ್ಯಾಹ್ನದಲ್ಲಿ. ಮರುದಿನ ಬೆಳಿಗ್ಗೆ ನೋಡಿದರೆ ಹೊಗೆ ಅಷ್ಟೇ ಇತ್ತು.

ಆಮೇಲೆ ತಿಳಿದದ್ದು, ಗುರುತು ಬರೀ ಆರಂಭದ ಜಾಗ ಎಂದು. ರಾತ್ರಿಯಿಡೀ ನಿಂತ ಕಾರಿನಲ್ಲಿ, ಬೆಳಿಗ್ಗೆ ಇಗ್ನಿಷನ್ ಆನ್ ಮಾಡುವ ಮೊದಲೇ ಏರ್ ಕ್ಲೀನರ್ ಬಿಚ್ಚಿ, ಆಕ್ಸಿಲರೇಟರನ್ನು ಒಮ್ಮೆ ಒತ್ತಿ ಬಿಟ್ಟು, ಮೂರೂ ಸ್ಕ್ರೂಗಳನ್ನು ಸಡಿಲಿಸಿ, ಫ್ಲ್ಯಾಪ್ ಮೆಲ್ಲನೆ ಬಂದು ಮುಚ್ಚಿಕೊಳ್ಳುವ ಹಂತಕ್ಕೆ ಎಲಿಮೆಂಟನ್ನು ತಿರುಗಿಸಿ ಅಲ್ಲಿಯೇ ಬಿಗಿ ಮಾಡಬೇಕು. ಬೆರಳಿನಿಂದ ತಳ್ಳಿದರೆ ಅದು ಹಗುರವಾಗಿ ತೆರೆಯಬೇಕು. ಗಟ್ಟಿಯಾಗಿ ಅದುಮಿಕೊಂಡಿದ್ದರೆ ಬಿಗಿ ಹೆಚ್ಚಾಯಿತೆಂದೇ ಅರ್ಥ. ಪೆಡಲ್ ಒತ್ತುವುದೇಕೆಂದರೆ, ಥ್ರಾಟಲ್ ಲಿವರಿನ ಸ್ಕ್ರೂ ಮೆಟ್ಟಿಲಿನಂಥ ಕ್ಯಾಮ್ ಮೇಲೆ ಕೂತಿರುತ್ತದೆ; ಅದನ್ನು ಎತ್ತದೆ ಫ್ಲ್ಯಾಪ್ ಅಲುಗಾಡದು. ಕಾದ ಮೇಲೂ ಐಡ್ಲಿಂಗ್ ಜೋರಾಗಿಯೇ ಉಳಿದರೆ ಕಾರಣ ಇದೇ, ಪೆಡಲನ್ನು ಒಂದು ಸಲ ತಟ್ಟಿದರೆ ಕ್ಯಾಮ್ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತದೆ. ಇಗ್ನಿಷನ್ ಆನ್ ಇಟ್ಟುಕೊಂಡು ಹೊಂದಿಸಲು ಕೂತರೆ ನೀವು ನೋಡುತ್ತಿರುವಾಗಲೇ ಸುರುಳಿ ಕಾದು ಎಲ್ಲ ಲೆಕ್ಕವೂ ತಪ್ಪುತ್ತದೆ.

ಕೊಳ್ಳುವವರು ವೋಲ್ಟೇಜ್ ನೋಡಿಯೇ ಕೊಳ್ಳಬೇಕು. ಹಳೆಯ 6 ವೋಲ್ಟ್ ಬೀಟಲ್‌ಗಳ ಎಲಿಮೆಂಟನ್ನು 12 ವೋಲ್ಟಿಗೆ ಜೋಡಿಸಿದರೆ ಶಾಖ ನಾಲ್ಕು ಪಟ್ಟಾಗಿ, ಎಂಜಿನ್ ಬಿಸಿಯಾಗುವ ಮೊದಲೇ ಚೋಕ್ ತೆರೆದು ಕಾರು ಮುಗ್ಗರಿಸುತ್ತದೆ. ಫ್ಲ್ಯಾಪಿನ ದಂಡದಲ್ಲಿ ಜಿಡ್ಡು ಕಟ್ಟಿದ್ದರೆ ಹೊಸ ಎಲಿಮೆಂಟಿನಿಂದಲೂ ಪ್ರಯೋಜನವಿಲ್ಲ. ನನ್ನದನ್ನು ಕಾರ್ಬ್ ಕ್ಲೀನರ್ ಹೊಡೆದು ಶುಚಿ ಮಾಡಿಕೊಳ್ಳಬೇಕಾಯಿತು.

ಈಗ ಸುಮಾರು ಮೂರು ನಿಮಿಷಕ್ಕೆ ಫ್ಲ್ಯಾಪ್ ನೆಟ್ಟಗೆ ನಿಲ್ಲುತ್ತದೆ, ಹೊಗೆ ಇಲ್ಲ, ಪ್ಲಗ್ಗುಗಳು ಕಂದು ಬಣ್ಣಕ್ಕೆ ತಿರುಗಿವೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಇಲ್ಲದ ಆ ಚೀಟಿಗೆ.