ಮಡಿಕೇರಿಗೆ ಬಂದ ಬಿಳಿ ಅಂಚಿನ ಹೋಸ್ಟಾ: ಐದಕ್ಕೆ ಎರಡೂವರೆ

ಹೋಸ್ಟಾ ಅಂದರೆ ಎಲೆಯ ಅಂದಕ್ಕೆ ಬೆಳೆಸೋ ನೆರಳಿನ ಗಿಡ, ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ 480 ರೂಪಾಯಿ ಕೊಟ್ಟು ತರಿಸಿದ್ದು. ಪೇಟ್ರಿಯಟ್ ಅನ್ನೋ ತಳಿ, ಕಡು ಹಸಿರು ಎಲೆಗೆ ಅಗಲವಾದ ಬಿಳಿ ಅಂಚು. ಮಾರಿದವರ ಹೆಸರು ಬೇಡ ಬಿಡಿ. ಪ್ಯಾಕಿಂಗ್ ಬಗ್ಗೆ ತಕರಾರಿಲ್ಲ, ಒದ್ದೆ ಪಾಚಿಯಲ್ಲಿ ಸುತ್ತಿದ್ದ ಗಡ್ಡೆಗೆ ಎರಡು ಮೊಳಕೆ ಇತ್ತು, ಬೇರು ಕೊಳೆತಿರಲಿಲ್ಲ. ನನ್ನ ಸಿಟ್ಟು ಜೊತೆಗಿದ್ದ ಚೀಟಿ ಮೇಲೆ. ನೆರಳಿದ್ದರೆ ಸಾಕು, ಯಾವ ಊರಲ್ಲಾದರೂ ಬರುತ್ತದೆ ಅಂತ ಬರೆದಿದ್ದರು.

ಕಾಫಿ ತೋಟದವರಿಗೆ ನೆರಳಿಗೇನು ಬರ? ಹಲಸಿನ ಮರದ ಬುಡದಲ್ಲಿ, ತರಗೆಲೆ ಕೊಳೆತ ಮಣ್ಣಲ್ಲಿ ಮೇ ತಿಂಗಳಲ್ಲಿ ನೆಟ್ಟೆ. ಜೂನ್‌ಗೆ ಏಳು ಎಲೆ. ಅತ್ತೆ ನೋಡಿ, "ಇದು ಕೆಸ ಅಲ್ವಾ, ಪತ್ರೊಡೆ ಮಾಡಬಹುದಾ?" ಅಂದರು. ಜಪಾನಿನವರು ಇದರ ಎಳೆ ಚಿಗುರು ತಿನ್ನುತ್ತಾರಂತೆ ಅಂದೆ, ನಂಬಲಿಲ್ಲ. ಆದರೆ ನಾಯಿ ಬೆಕ್ಕಿಗೆ ಇದು ಆಗಿಬರೋದಿಲ್ಲ, ಮನೆಯಲ್ಲಿದ್ದರೆ ನೋಡಿಕೊಳ್ಳಿ.

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಶುರುವಾಯಿತು ನೋಡಿ, ಬಸವನಹುಳುಗಳಿಗೆ ಹಬ್ಬ. ಬೆಳಿಗ್ಗೆ ಎದ್ದು ನೋಡಿದರೆ ಎಲೆ ಜರಡಿ, ಬಿಳಿ ಅಂಚಿನ ಮೇಲೆ ಲೋಳೆಯ ಗೆರೆ ಮಿರಿಮಿರಿ. ನಾಯಿ ಇರೋದರಿಂದ ವಿಷದ ಗುಳಿಗೆ ಹಾಕಲಿಲ್ಲ. ರಾತ್ರಿ ಒದ್ದೆ ಗೋಣಿಚೀಲ ಹಾಸಿಟ್ಟು, ಬೆಳಿಗ್ಗೆ ಅದರಡಿ ಸೇರಿದ್ದನ್ನು ಆರಿಸಿ ಉಪ್ಪುನೀರಿಗೆ ಹಾಕುತ್ತಿದ್ದೆ. ಒಂದೇ ದಿನ ಹದಿನಾಲ್ಕು ಸಿಕ್ಕಿದ್ದೂ ಇದೆ. ಮುಂದಿನ ವರ್ಷ ಮರ ಕಪಾತು ಮಾಡಿಸಿದಾಗ ಇನ್ನೊಂದು ಪಾಠ: ಮಧ್ಯಾಹ್ನದ ಬಿಸಿಲು ನೇರ ಬಿದ್ದು ನಾಲ್ಕೇ ದಿನದಲ್ಲಿ ಬಿಳಿ ಭಾಗವೆಲ್ಲ ಕಂದು ಕಾಗದ, ಹಸಿರು ಭಾಗಕ್ಕೆ ಅಷ್ಟೇನೂ ಆಗಲಿಲ್ಲ.

ಇದೆಲ್ಲ ಸಹಿಸಬಹುದಿತ್ತು. ಚೀಟಿಯಲ್ಲಿ ಇಲ್ಲದ ವಿಷಯ ಬೇರೆ. ಈ ಗಿಡ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ಆಗ ಐದು ಡಿಗ್ರಿಗಿಂತ ಕೆಳಗಿನ ಚಳಿ ಕೆಲವು ವಾರ ಸಿಗಬೇಕು. ಮಡಿಕೇರಿ ಚಳಿ ನಮಗೆ ಸ್ವೆಟರ್ ಹಾಕಿಸುತ್ತದೆ ನಿಜ, ಇದಕ್ಕೆ ಅದು ಚಳಿಯೇ ಅಲ್ಲ. ಅದಕ್ಕೇ ಎರಡನೇ ವರ್ಷ ಬಂದದ್ದು ಮೂರೇ ಎಲೆ, ಅದೂ ವೀಳ್ಯದೆಲೆಯಷ್ಟು.

ಕಳೆದ ಡಿಸೆಂಬರ್‌ನಲ್ಲಿ ಗಡ್ಡೆ ಕಿತ್ತು, ಸ್ವಲ್ಪ ತೇವದ ತೆಂಗಿನ ನಾರಿನ ಪುಡಿಯಲ್ಲಿಟ್ಟು, ಫ್ರಿಜ್‌ನ ತರಕಾರಿ ಡಬ್ಬಿಯಲ್ಲಿ ಎಂಟು ವಾರ ಮಲಗಿಸಿದೆ. ಅತ್ತೆ ಅದನ್ನು ಶುಂಠಿ ಅಂತ ತಿಳಿದು ಒಂದು ಸಲ ಈಳಿಗೆಮಣೆ ತನಕ ಒಯ್ದಿದ್ದರು.

ಎರಡೂವರೆ ಅಂಕವೂ ಗಿಡಕ್ಕೇ, ಚೀಟಿಗೆ ಸೊನ್ನೆ. ಸುಮ್ನೆ ನೆಟ್ಟು ಮರೆಯುವ ಗಿಡ ಬೇಕಿದ್ದರೆ ಬಣ್ಣದ ಕೆಸ ನೆಡಿ. ನಾನಂತೂ ಇನ್ನೊಂದು ತರಿಸಲ್ಲ. ಇರೋದನ್ನು ಎಸೆಯೋಕೂ ಮನಸ್ಸಿಲ್ಲ, ಕುಂಡಕ್ಕೆ ಹಾಕಿ ಜಗುಲಿಯಲ್ಲಿಟ್ಟಿದ್ದೇನೆ. ಈಗ ಐದು ಎಲೆ, ಆರನೆಯದು ಸುರುಳಿ ಬಿಚ್ಚುತ್ತಿದೆ.